ಮುಟ್ಟಿನ ನೋವಿಗೆ ಶುಂಠಿಯೋ, ಮೆಂತ್ಯವೋ, ಅಶೋಕಾರಿಷ್ಟವೋ?

ಮುಟ್ಟಿನ ಹೊಟ್ಟೆನೋವು ಅಂತ ಬಾಯಿಬಿಟ್ಟರೆ ಸಾಕು, ಸಲಹೆಗೆ ಬರವಿಲ್ಲ. ಅಜ್ಜಿ ಓಮದ ಕಷಾಯ ಕುಡಿ ಅಂತಾರೆ, ಅತ್ತೆ ಮಜ್ಜಿಗೆಯಲ್ಲಿ ಮೆಂತ್ಯ ನುಂಗು ಅಂತಾರೆ, ಪಕ್ಕದ ಮನೆಯವರು ಅಶೋಕಾರಿಷ್ಟದ ಬಾಟಲಿ ತೋರಿಸ್ತಾರೆ, ಆಫೀಸಿನ ಗೆಳತಿ ಬ್ಯಾಗಿನಿಂದ ಮೆಫ್ಟಾಲ್ ಸ್ಪಾಸ್ ಮಾತ್ರೆ ತೆಗೆದುಕೊಡ್ತಾಳೆ. ಎಲ್ಲರೂ "ನಂಗೆ ಇದರಿಂದಲೇ ಹೋಯ್ತು" ಅನ್ನುವವರೇ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಸಾಮಾನ್ಯ ಮುಟ್ಟುನೋವು ಎರಡು-ಮೂರು ದಿನಕ್ಕೆ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಲೋಟವಿತ್ತೋ ಅದಕ್ಕೆ ಹೆಸರು ಬರುತ್ತದೆ. ಹಾಗಾಗಿ ಅವರವರ ಅನುಭವವನ್ನು ಸ್ವಲ್ಪ ಬದಿಗಿಟ್ಟು, ಯಾವ ನೋವಿಗೆ ಯಾವುದು, ಎಷ್ಟು, ಯಾವಾಗ ಎಂಬ ಲೆಕ್ಕದಲ್ಲಿ ಹೋಲಿಸಿ ನೋಡೋಣ. ನನ್ನ ಅಂದಾಜಿನಲ್ಲಿ ಮನೆಮದ್ದು ಕೈಕೊಡುವುದು ಹೆಚ್ಚಾಗಿ ಗಿಡದ ತಪ್ಪಿನಿಂದಲ್ಲ, ಪ್ರಮಾಣ ಸಾಲದೆ ಅಥವಾ ಹೊತ್ತು ಮೀರಿ.

ಯಾವ ನೋವಿನ ಮಾತು ಇದು?

ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳು ಹೊರಬರುತ್ತವೆ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ, ಹಿಂಡಿದಾಗ ಸ್ನಾಯುವಿಗೆ ರಕ್ತ ಸಾಲದೆ ನೋವಾಗುತ್ತದೆ. ಅವು ಕರುಳನ್ನೂ ಬಿಡುವುದಿಲ್ಲ, ಅದಕ್ಕೇ ಮೊದಲ ದಿನ ಭೇದಿ, ವಾಕರಿಕೆ. ಸೊಂಟ ಹಿಡಿಯುವುದು, ತೊಡೆ ಸೆಳೆಯುವುದು ಇದರ ಜೊತೆಗೇ ಬರುವಂಥವು. ಈ ಬಗೆಯ ನೋವು ಸಾಮಾನ್ಯವಾಗಿ ಹುಡುಗಿ ದೊಡ್ಡವಳಾಗಿ ಒಂದೆರಡು ವರ್ಷದೊಳಗೆ ಶುರುವಾಗುತ್ತದೆ. ಪ್ರತಿ ಸಲ ಸ್ರಾವದ ಜೊತೆಗೋ ಕೆಲವು ಗಂಟೆ ಮೊದಲೋ ಬಂದು, ಹೆಚ್ಚೆಂದರೆ ಮೂರು ದಿನದಲ್ಲಿ ಹೋಗುತ್ತದೆ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದಾವರ್ತಿನಿ ಎಂಬ ಹೆಸರಿನಲ್ಲಿ ಬರುವ ಚಿತ್ರ ಇದಕ್ಕೆ ತುಂಬ ಹತ್ತಿರ. ಕೆಳಕ್ಕೆ ಹೋಗಬೇಕಾದ ವಾತ ಮೇಲ್ಮುಖವಾಗುತ್ತದೆ, ರಜಸ್ಸು, ಅಂದರೆ ಮುಟ್ಟಿನ ರಕ್ತ, ಕಷ್ಟದಿಂದ ಹೊರಬರುತ್ತದೆ, ಹೊರಬಿದ್ದೊಡನೆ ಆಕೆಗೆ ಸುಖವೆನಿಸುತ್ತದೆ ಎಂದು ಅಲ್ಲಿದೆ. ವಾತದ ನೋವಿಗೆ ಆಯುರ್ವೇದ ಹೇಳುವುದು ಎಣ್ಣೆ ಮತ್ತು ಶಾಖ. ಇದನ್ನು ನೆನಪಿಟ್ಟುಕೊಳ್ಳಿ, ಬಾಟಲಿ ಆರಿಸುವಾಗ ಬೇಕಾಗುತ್ತದೆ.

ಇಲ್ಲಿನ ಹೋಲಿಕೆಯೆಲ್ಲ ಈ ನೋವಿಗೆ ಮಾತ್ರ. ಬೇರೆ ಬಗೆಯ ನೋವುಗಳಿವೆ, ಅವಕ್ಕೆ ಕಷಾಯ ಕುಡಿಯುತ್ತ ಕೂರುವುದು ಸರಿಯಲ್ಲ. ಆ ಮಾತು ಕೊನೆಗೆ.

ಶುಂಠಿ: ಅಡುಗೆಮನೆಯ ಡಬ್ಬಿಗಳಲ್ಲಿ ನನ್ನ ಮೊದಲ ಆಯ್ಕೆ

ಮುಟ್ಟುನೋವಿನ ಮೇಲೆ ಮನುಷ್ಯರಲ್ಲೇ ಪರೀಕ್ಷೆಗೊಳಗಾದ ಗಿಡಮೂಲಿಕೆಗಳಲ್ಲಿ ಶುಂಠಿಯದೇ ಮುಂಚೂಣಿ. ಹೆಚ್ಚಿನ ಪ್ರಯೋಗಗಳು ಇರಾನಿನವು. 2009ರಲ್ಲಿ ಪ್ರಕಟವಾದ ಒಂದರಲ್ಲಿ ಅಲ್ಲಿನ ಎರಡು ವೈದ್ಯಕೀಯ ವಿಶ್ವವಿದ್ಯಾಲಯಗಳ ಹಾಸ್ಟೆಲಿನ 150 ವಿದ್ಯಾರ್ಥಿನಿಯರನ್ನು ಮೂರು ಗುಂಪು ಮಾಡಿ, ಒಂದಕ್ಕೆ 250 ಮಿಲಿಗ್ರಾಂ ಶುಂಠಿಪುಡಿಯ ಕ್ಯಾಪ್ಸೂಲ್, ಇನ್ನೊಂದಕ್ಕೆ 250 ಮಿಲಿಗ್ರಾಂ ಮೆಫೆನಾಮಿಕ್ ಆಸಿಡ್, ಮತ್ತೊಂದಕ್ಕೆ 400 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟರು (ಈ ಕೊನೆಯ ಎರಡೂ ನೋವಿನ ಮಾತ್ರೆಗಳು). ದಿನಕ್ಕೆ ನಾಲ್ಕು ಸಲ, ಮೂರು ದಿನ. ಮೂರೂ ಗುಂಪಿನ ನೋವು ಇಳಿದದ್ದು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ. ಇದನ್ನು ಓದಿ ಕುಣಿಯಬೇಕಿಲ್ಲ. ಖಾಲಿ ಕ್ಯಾಪ್ಸೂಲ್ ಕೊಟ್ಟ ನಾಲ್ಕನೆಯ ಗುಂಪು ಅಲ್ಲಿರಲಿಲ್ಲ. ಆದರೆ 2012ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಅದೂ ಇತ್ತು, ಅಲ್ಲಿ ಖಾಲಿ ಕ್ಯಾಪ್ಸೂಲಿಗಿಂತ ಶುಂಠಿಯೇ ಮೇಲಾಯಿತು. ಅದರಲ್ಲಿ 500 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ ಕೊಟ್ಟಿದ್ದರು. ಸ್ರಾವ ಶುರುವಾದ ಮೇಲೆ ತೆಗೆದುಕೊಂಡವರಿಗೆ ನೋವಿನ ತೀವ್ರತೆ ಕಡಿಮೆಯಾಯಿತು. ಎರಡು ದಿನ ಮೊದಲೇ ಶುರು ಮಾಡಿದವರಿಗೆ ತೀವ್ರತೆಯ ಜೊತೆಗೆ ನೋವು ಇರುವ ಅವಧಿಯೂ ಕುಗ್ಗಿತು.

ಎರಡು ದಿನ ಮೊದಲು ಅನ್ನುವ ಈ ಮಾತು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ನಾವು ನೋವು ತಲೆಗೇರಿದ ಮೇಲೆ ಚಹಾಕ್ಕೆ ಎರಡು ಬಿಲ್ಲೆ ಶುಂಠಿ ಜಜ್ಜಿ ಹಾಕಿ, ಸೋಸಿ, ಕುಡಿದು, ಅರ್ಧ ಗಂಟೆ ಕಾದು, "ಶುಂಠಿಯಿಂದ ಏನೂ ಆಗಲ್ಲ" ಅಂತ ತೀರ್ಪು ಕೊಡುತ್ತೇವೆ. ಪ್ರಯೋಗಗಳಲ್ಲಿ ನುಂಗಿಸಿದ್ದು ಒಣಶುಂಠಿಯ ಪುಡಿ, ಸೋಸಿದ ನೀರಲ್ಲ. ತಲೆ ಸವರಿದ ಒಂದು ಟೀ ಚಮಚ ಪುಡಿ ಸುಮಾರು 2 ಗ್ರಾಂ ತೂಗುತ್ತದೆ. ಅಂದರೆ ದಿನವಿಡೀ ಬೇಕಾದದ್ದು ಅರ್ಧದಿಂದ ಮುಕ್ಕಾಲು ಚಮಚ, ಅದನ್ನು ಮೂರ್ನಾಲ್ಕು ಪಾಲು ಮಾಡಿ. ಹಸಿಶುಂಠಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ ಅದೇ ಲೆಕ್ಕಕ್ಕೆ ಐದು ಪಟ್ಟು ಬೇಕು. ಬೆಲ್ಲ, ತುಪ್ಪ, ಒಣಶುಂಠಿ ಪುಡಿ ಸೇರಿಸಿ ಕಟ್ಟುವ ಗೋಲಿಯಷ್ಟು ದೊಡ್ಡ ಉಂಡೆ ಇದೆಯಲ್ಲ, ಆ ಪ್ರಯೋಗಗಳಿಗೆ ಕಷಾಯಕ್ಕಿಂತ ಅದೇ ಹತ್ತಿರ. ಪುಡಿ ಪೂರ್ತಿ ಹೊಟ್ಟೆಗೆ ಹೋಗುತ್ತದೆ, ಬೆಲ್ಲ-ತುಪ್ಪದಿಂದ ಗಂಟಲು ಉರಿಯುವುದೂ ಕಡಿಮೆ. ಹಿಂದಿನ ದಿನವೇ ಕಟ್ಟಿಟ್ಟುಕೊಂಡರೆ ಕೆಲಸಕ್ಕೆ ಹೋಗುವವರಿಗೂ ಅನುಕೂಲ.

ಶುಂಠಿ ಯಾರಿಗೆ ಬೇಡ? ಎದೆಯುರಿ, ಆಮ್ಲಪಿತ್ತ ಇರುವವರಿಗೆ ಖಾಲಿ ಹೊಟ್ಟೆಯಲ್ಲಿ ಇದು ಹಿಂಸೆ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆಯಲ್ಲಿರುವವರು ವೈದ್ಯರನ್ನು ಕೇಳದೆ ಔಷಧಿಯ ಪ್ರಮಾಣದಲ್ಲಿ ತಿನ್ನಬಾರದು. ಸಾರು, ಚಟ್ನಿಯಲ್ಲಿ ಬೀಳುವಷ್ಟಕ್ಕೆ ಭಯವಿಲ್ಲ. ಮುಟ್ಟು ಯಾವಾಗ ಬರುತ್ತದೆಂದೇ ಗೊತ್ತಾಗದ ಅನಿಯಮಿತ ಚಕ್ರದವರಿಗೆ "ಎರಡು ದಿನ ಮೊದಲು" ಅನ್ನುವುದು ಕೈಗೆಟುಕುವ ಮಾತಲ್ಲ. ಎದೆ ಬಿಗಿಯುವುದು, ಸೊಂಟ ಭಾರವಾಗುವುದು ಮುಂತಾದ ತಮ್ಮದೇ ಮುನ್ಸೂಚನೆ ಕಂಡಾಗ ಶುರು ಮಾಡಬಹುದಷ್ಟೆ.

ಮೆಂತ್ಯ

ಎದೆಯುರಿಯವರಿಗೆ ನಾನು ಹೇಳುವುದು ಮೆಂತ್ಯ. ಇರಾನಿನಲ್ಲೇ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 900 ಮಿಲಿಗ್ರಾಂ ಮೆಂತ್ಯಪುಡಿಯನ್ನು ದಿನಕ್ಕೆ ಮೂರು ಸಲ, ಮುಟ್ಟಿನ ಮೊದಲ ಮೂರು ದಿನ, ಎರಡು ಚಕ್ರ ಕೊಟ್ಟು ನೋಡಿದರು. ನೋವಿನ ಜೊತೆಗೆ ಸುಸ್ತು, ತಲೆನೋವು, ವಾಕರಿಕೆಯೂ ಕಡಿಮೆಯಾಯಿತು. ದಿನಕ್ಕೆ ಮುಕ್ಕಾಲು ಚಮಚದಷ್ಟು ಬೀಳುತ್ತದೆ. ನಮ್ಮ ರೂಢಿಯ ಹಾಗೆ ಇಡೀ ಕಾಳನ್ನು ಮಜ್ಜಿಗೆಯಲ್ಲಿ ಗುಟುಕರಿಸಿದರೆ ಒಂದಿಷ್ಟು ಹಾಗೆಯೇ ಹೊರಹೋಗುತ್ತದೆ. ರಾತ್ರಿ ನೆನೆಸಿ ರುಬ್ಬಿಕೊಳ್ಳಿ, ಇಲ್ಲವೇ ಹದವಾಗಿ ಹುರಿದು ಪುಡಿ ಮಾಡಿ.

ಶುಂಠಿಗಿಂತ ಎರಡನೆಯ ಸ್ಥಾನ ಕೊಡಲು ಕಾರಣ, ಇದರ ಮೇಲಿನ ಪರೀಕ್ಷೆಗಳು ಇನ್ನೂ ಕಡಿಮೆ. ಬೆವರಿಗೆ ಮೆಂತ್ಯದ ವಾಸನೆ ಬರುತ್ತದೆ, ಅದು ಕೆಲವರಿಗೆ ಸೇರುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರಿಗೆ ಸಕ್ಕರೆ ಮಟ್ಟ ಇನ್ನಷ್ಟು ಇಳಿಯಬಹುದು. ಕಡಲೆಕಾಯಿ, ಕಡಲೆ ಅಲರ್ಜಿ ಇರುವವರಿಗೆ ಮೆಂತ್ಯವೂ ಅಲರ್ಜಿಯಾದೀತು. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಒಗ್ಗರಣೆಯ ಮೆಂತ್ಯ ಸರಿ, ಚಮಚಗಟ್ಟಲೆ ಬೇಡ.

ಓಮ, ಜೀರಿಗೆ, ಬಡೇಸೋಂಪು, ಚಕ್ಕೆ

ಓಮದ ಕಷಾಯದ ಮೇಲೆ ನನಗೆ ಪ್ರೀತಿ ಇದೆ, ಆದರೆ ಪ್ರೀತಿಯೇ ಪುರಾವೆಯಲ್ಲ. ಮುಟ್ಟಿನ ದಿನ ಕಾಡುವ ಹೊಟ್ಟೆಯುಬ್ಬರ, ಗಾಳಿ ತುಂಬಿದ ಸಂಕಟಕ್ಕೆ ಓಮ-ಜೀರಿಗೆ ನಿಜಕ್ಕೂ ಒಳ್ಳೆಯದು, ಗರ್ಭಕೋಶದ ಹಿಂಡುವಿಕೆಗೆ ಎಷ್ಟು ಎಂಬುದು ಬೇರೆ ಮಾತು. ಓಮದ ಘಾಟಿಗೆ ಕಾರಣವಾದ ಥೈಮಾಲ್ ನಮ್ಮ ದೊಡ್ಡಪತ್ರೆಯಲ್ಲೂ ಇದೆ. ತಂಬುಳಿ ಮಾಡುವ ಮನೆಗಳಲ್ಲಿ ಆ ದಿನಗಳಿಗೆ ದೊಡ್ಡಪತ್ರೆ ತಂಬುಳಿ, ಅನ್ನ ಸಾಕು. ಖಾರ, ಕರಿದದ್ದು ತಿಂದು ಹೊಟ್ಟೆ ಇನ್ನಷ್ಟು ಕೆಡಿಸಿಕೊಳ್ಳುವುದಾದರೂ ತಪ್ಪುತ್ತದೆ.

ಬಡೇಸೋಂಪಿನ ಸತ್ವದ ಹನಿಗಳನ್ನು ಮೆಫೆನಾಮಿಕ್ ಆಸಿಡ್ ಜೊತೆ ಹೋಲಿಸಿದ ಪ್ರಯೋಗ 2003ರಲ್ಲಿ ಬಂತು. ಸೋಂಪಿನಿಂದಲೂ ನೋವು ಇಳಿಯಿತು, ಎರಡು-ಮೂರನೆಯ ದಿನಗಳಲ್ಲಿ ಮಾತ್ರೆಯೇ ಮೇಲಾಯಿತು. ವಾಸನೆ ತಡೆಯಲಾರದೆ ಕೆಲವರು ನಡುವೆಯೇ ಬಿಟ್ಟರು. ಸತ್ವ ಬೇರೆ, ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವ ಚಿಟಿಕೆ ಸೋಂಪು ಬೇರೆ.

ಚಕ್ಕೆಯದೂ ಅಂಥದೇ ಕಥೆ. 2015ರ ಒಂದು ಅಧ್ಯಯನದಲ್ಲಿ ಖಾಲಿ ಕ್ಯಾಪ್ಸೂಲಿಗಿಂತ ಮೇಲೆ, ಐಬುಪ್ರೊಫೆನ್‌ಗಿಂತ ಕೆಳಗೆ. ಜೊತೆಗೊಂದು ಎಚ್ಚರಿಕೆ: ನಮ್ಮ ದಿನಸಿ ಅಂಗಡಿಯಲ್ಲಿ ಸಿಗುವ ದಪ್ಪ, ಒರಟು ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಜಾತಿಯದು. ಅದರಲ್ಲಿ ಕೂಮರಿನ್ ಎಂಬ ರಾಸಾಯನಿಕ ಜಾಸ್ತಿ, ದಿನವೂ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ತೊಂದರೆ. ಪದರ ಪದರವಾಗಿ ಸುತ್ತಿಕೊಂಡ ತೆಳು ಸಿಲೋನ್ ದಾಲ್ಚಿನ್ನಿಯಲ್ಲಿ ಈ ಭಯ ಕಡಿಮೆ. ಮೂರು ದಿನದ ಮಟ್ಟಿಗೆ ಅರ್ಧ ಚಮಚ ಸರಿ, ತಿಂಗಳಿಡೀ ಬೇಡ.

ಎಳ್ಳುಂಡೆಗೂ ಒಂದು ಸಾಲು. ಮುಟ್ಟು ಬೇಗ ಬರಿಸಲು ಎಳ್ಳು-ಬೆಲ್ಲ ತಿನ್ನುವ ರೂಢಿ ಇದೆ. ನೋವಿಗೆ ಅದು ಔಷಧಿಯಲ್ಲ, ರುಚಿಯಾದ ತಿಂಡಿ ಎಂದು ತಿನ್ನಿ.

ಬಾಟಲಿಯ ಮುಂದೆ ನಿಂತಾಗ

ಅಶೋಕಾರಿಷ್ಟವನ್ನು ಹೆಂಗಸರ ಎಲ್ಲ ತೊಂದರೆಗೂ ಟಾನಿಕ್ ಎಂಬಂತೆ ಮಾರುತ್ತಾರೆ. ಭೈಷಜ್ಯ ರತ್ನಾವಳಿ ಎಂಬ ಆಯುರ್ವೇದ ಗ್ರಂಥದಲ್ಲಿ ಇದು ಬರುವುದು ಮುಖ್ಯವಾಗಿ ಅಸೃಗ್ದರಕ್ಕೆ, ಅಂದರೆ ಅತಿಯಾಗಿ ರಕ್ತ ಹೋಗುವುದಕ್ಕೆ. ಅಶೋಕದ ತೊಗಟೆ ಒಗರು, ಸ್ತಂಭನ ಗುಣದ್ದು, ಅಂದರೆ ಸ್ರಾವ ತಡೆಯುವಂಥದು. ನಿಮ್ಮ ತೊಂದರೆ ಹೆಚ್ಚು ಸ್ರಾವ ಮತ್ತು ಅದರೊಡನೆ ನೋವು ಅನ್ನುವುದಾದರೆ ಆಯುರ್ವೇದ ವೈದ್ಯರು ಇದನ್ನು ಬರೆದುಕೊಡುವುದರಲ್ಲಿ ಅರ್ಥವಿದೆ. ಸ್ರಾವ ಕಡಿಮೆ, ಸೆಳೆತ ಜಾಸ್ತಿ ಅನ್ನುವವರಿಗೆ ಆಯುರ್ವೇದದ ತರ್ಕದಲ್ಲೇ ಇದು ಸರಿಹೊಂದುವುದಿಲ್ಲ. ಅಲ್ಲಿ ವಾತ ಇಳಿಸುವ ದಶಮೂಲ, ಅಂದರೆ ಹತ್ತು ಬೇರುಗಳ ಔಷಧಿ, ಹತ್ತಿರದ ಆಯ್ಕೆ. ನಮ್ಮಲ್ಲಿ ದಶಮೂಲಾರಿಷ್ಟವನ್ನು ಬಾಣಂತನದ ಔಷಧಿ ಅಂತಲೇ ತಿಳಿದಿರುವುದರಿಂದ ಮದುವೆಯಾಗದ ಹುಡುಗಿಗೆ ಕೊಡಲು ಹಿಂಜರಿಯುತ್ತಾರೆ; ಆ ಹಿಂಜರಿಕೆಗೆ ಶಾಸ್ತ್ರದ ಆಧಾರವೇನಿಲ್ಲ.

ಇದು ಗ್ರಂಥದ ತರ್ಕದ ಮಾತಾಯಿತು. ಮುಟ್ಟುನೋವಿಗೆ ಶುಂಠಿಯ ಮೇಲೆ ನಡೆದಷ್ಟು ಹೋಲಿಕೆ ಪ್ರಯೋಗಗಳು ಈ ಅರಿಷ್ಟಗಳ ಮೇಲೆ ನಡೆದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಾಗ ಈ ವ್ಯತ್ಯಾಸ ಗೊತ್ತಿರಲಿ.

ಇನ್ನು ಮರದ ವಿಷಯ. ಶಾಲೆ, ಕಚೇರಿಗಳ ಕಾಂಪೌಂಡಿನುದ್ದಕ್ಕೂ ನೆಟ್ಟಗೆ ನಿಂತಿರುವ, ನಾವೆಲ್ಲ ಅಶೋಕ ಅಂತ ಕರೆಯುವ ಮರ ಔಷಧಿಯ ಅಶೋಕವೇ ಅಲ್ಲ. ಅದು ಸೀತಾಫಲದ ಕುಟುಂಬದ್ದು. ಔಷಧಿಯದು ಸೀತಾಶೋಕ, ಹಳಗನ್ನಡದ ಅಸುಗೆ. ಕಿತ್ತಳೆ-ಕೆಂಪು ಗೊಂಚಲಿನ ಹೂ, ನೇತುಬಿದ್ದ ತಾಮ್ರಬಣ್ಣದ ಚಿಗುರು, ಪಶ್ಚಿಮ ಘಟ್ಟದ ತೇವದ ಕಾಡು, ಹೊಳೆಬದಿ ಅದರ ನೆಲೆ. ತೊಗಟೆಗಾಗಿ ಸುಲಿದು ಸುಲಿದು ಇದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜಾತಿ ಎಂದು ಸೇರಿದೆ. ಬೇಡಿಕೆಯಷ್ಟು ತೊಗಟೆ ಸಿಗದಿರುವಾಗ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ: ಮಾರುಕಟ್ಟೆಯ "ಅಶೋಕ ತೊಗಟೆ"ಯಲ್ಲಿ ಕಾಂಪೌಂಡಿನ ಮರದ ತೊಗಟೆ ಮತ್ತು ಬೇರೆ ಜಾತಿಗಳು ಬೆರೆತಿರುವುದನ್ನು ಡಿಎನ್ಎ ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಗ್ರಂಥಿಗೆ ಅಂಗಡಿಯಲ್ಲಿ ಸಡಿಲವಾಗಿ ಸಿಗುವ ತೊಗಟೆ ಕೊಂಡು ಮನೆಯಲ್ಲಿ ಕಷಾಯ ಮಾಡುವುದಕ್ಕೆ ನನ್ನ ವಿರೋಧ ಇದೇ ಕಾರಣಕ್ಕೆ. ಕೊಳ್ಳುವುದೇ ಆದರೆ ಆಯುಷ್ ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ ಇರುವ ಬಾಟಲಿ ಕೊಳ್ಳಿ.

ಆಸವ-ಅರಿಷ್ಟಗಳು ಹುದುಗಿಸಿ ಮಾಡಿದವು, ತಾವಾಗಿಯೇ ಹುಟ್ಟಿದ ಮದ್ಯಸಾರ ಅವುಗಳಲ್ಲಿ ಇದ್ದೇ ಇರುತ್ತದೆ, ಬೆಲ್ಲವೂ ಇರುತ್ತದೆ. ಸಾಮಾನ್ಯ ಪ್ರಮಾಣ 12ರಿಂದ 24 ಮಿಲಿಲೀಟರ್, ಅಷ್ಟೇ ನೀರು ಬೆರೆಸಿ, ಊಟದ ನಂತರ ಎರಡು ಹೊತ್ತು. ಸಕ್ಕರೆ ಕಾಯಿಲೆ, ಯಕೃತ್ತಿನ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಇದು ಒಗ್ಗದು. ಹನ್ನೆರಡು-ಹದಿಮೂರರ ಮಗಳಿಗೆ ಕೊಡುವ ಮೊದಲೂ ವೈದ್ಯರನ್ನು ಕೇಳಿ. ಇವು ನೋವು ಬಂದಾಗ ಒಂದು ಗುಟುಕು ಎಂಬ ಬಗೆಯವಲ್ಲ. ವಾರಗಟ್ಟಲೆ ಕೊಡುತ್ತಾರೆ, ಇಂದಿನ ನೋವಿಗೆ ಇಂದೇ ಫಲ ನಿರೀಕ್ಷಿಸಬೇಡಿ.

ರಜಃಪ್ರವರ್ತಿನೀ ವಟಿಯನ್ನಂತೂ ಸ್ವಂತ ಬುದ್ಧಿಯಿಂದ ಮುಟ್ಟಬೇಡಿ. ಲೋಳೆಸರದ ಒಣಗಿಸಿದ ಸಾರ, ಕಾಸೀಸ ಎಂಬ ಕಬ್ಬಿಣದ ಲವಣ, ಬಿಳಿಗಾರ, ಇಂಗು ಸೇರಿದ ಇದು ಮುಟ್ಟು ನಿಂತವರಿಗೆ, ತೀರ ಕಡಿಮೆ ಆಗುವವರಿಗೆ ವೈದ್ಯರು ಕೊಡುವ ತೀಕ್ಷ್ಣ ಔಷಧಿ. ತಡವಾದ ಮುಟ್ಟಿಗೆ ಗರ್ಭ ಕಾರಣವಾಗಿದ್ದರೆ ಅಪಾಯ.

ಶಾಖ

ಗಿಡಮೂಲಿಕೆಯಲ್ಲದಿದ್ದರೂ ಇದನ್ನು ಬಿಟ್ಟು ಹೋಲಿಕೆ ಪೂರ್ತಿಯಾಗದು. 2001ರ ಅಮೆರಿಕದ ಪ್ರಯೋಗವೊಂದರಲ್ಲಿ ಕಿಬ್ಬೊಟ್ಟೆಯ ಮೇಲೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಪಟ್ಟಿಯನ್ನು ದಿನಕ್ಕೆ 12 ಗಂಟೆ ಕಟ್ಟಿಕೊಂಡವರಿಗೆ ಐಬುಪ್ರೊಫೆನ್ ತಿಂದವರಷ್ಟೇ ಆರಾಮ ಸಿಕ್ಕಿತು. ಸುಡುವ ಬಿಸಿ ಬೇಕಿಲ್ಲ, ಹಿತವಾದ ಬಿಸಿ ತುಂಬ ಹೊತ್ತು ಬೇಕು. ರಬ್ಬರ್ ಚೀಲ ಇಲ್ಲದಿದ್ದರೆ ಉಪ್ಪನ್ನೋ ಮರಳನ್ನೋ ಹುರಿದು ಬಟ್ಟೆಗಂಟು ಕಟ್ಟಿದರಾಯಿತು. ಮೊದಲು ಹರಳೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಉಗುರುಬೆಚ್ಚಗೆ ಮಾಡಿ ಕಿಬ್ಬೊಟ್ಟೆ, ಸೊಂಟಕ್ಕೆ ಸವರಿದರೆ ಚರಕ ಹೇಳಿದ ಎಣ್ಣೆ-ಶಾಖ ಎರಡೂ ಆದಂತೆ. ಹರಳೆಣ್ಣೆ ಮೈಮೇಲೆ ಮಾತ್ರ. ಮೊದಲೇ ಭೇದಿಯಾಗುತ್ತಿರುವ ದಿನ ಅದನ್ನು ಕುಡಿಯುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಮಾತ್ರೆ ತಿಂದರೆ ಸೋತಂತೆಯೇ?

ಗಿಡಮೂಲಿಕೆಯ ಬಗ್ಗೆ ಬರೆಯುವವರು ಮಾತ್ರೆಯನ್ನು ಖಳನಾಯಕ ಮಾಡುವುದು ವಾಡಿಕೆ. ನಾನು ಆ ಸಾಲಿಗೆ ಸೇರುವುದಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ, 80 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆ 2015ರಲ್ಲಿ ಬಂತು. ಅದರ ಪ್ರಕಾರ ಖಾಲಿ ಮಾತ್ರೆ ತಿಂದ 100 ಜನರಲ್ಲಿ 18 ಮಂದಿಗೆ ಸಾಕಷ್ಟು ಆರಾಮ ಸಿಕ್ಕರೆ, ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಬಗೆಯ ಮಾತ್ರೆ ತಿಂದವರಲ್ಲಿ 45ರಿಂದ 53 ಮಂದಿಗೆ ಸಿಗುತ್ತದೆ. ಅದೇ ಸಂಸ್ಥೆ 2016ರಲ್ಲಿ ಗಿಡಮೂಲಿಕೆ ಮತ್ತು ಪೂರಕಗಳನ್ನು ನೋಡಿ, ಶುಂಠಿ, ಮೆಂತ್ಯ ಮುಂತಾದ ಕೆಲವಕ್ಕೆ ಪುರಾವೆ ಇದೆ, ಆದರೆ ಅದು ಕೆಳಮಟ್ಟದ್ದು ಎಂದಿತು. ಇನ್ನೊಂದು ಮುಖವನ್ನೂ ನೋಡಿ: ಮಾತ್ರೆ ತಿಂದರೂ ಅರ್ಧದಷ್ಟು ಜನರಿಗೆ ಸಾಕಷ್ಟು ಆರಾಮ ಸಿಗುವುದಿಲ್ಲ. ಶಾಖ, ಶುಂಠಿಗೆ ಅಲ್ಲಿ ಜಾಗವಿದೆ.

ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಸಿಡ್ ಜೊತೆ ಸೆಳೆತ ಸಡಿಲಿಸುವ ಡೈಸೈಕ್ಲೊಮೈನ್ ಇದೆ, ಬಾಯಿ ಒಣಗುವುದು, ತಲೆ ಮಂಪರಾಗುವುದು ಅದರಿಂದಲೇ. ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಜ್ವರ, ಚರ್ಮದ ದದ್ದು, ಒಳ ಅಂಗಗಳಿಗೆ ಹಾನಿ ತರುವ ಡ್ರೆಸ್ ಎಂಬ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿತು. ಅಪರೂಪ ಎಂಬ ಪದವನ್ನೂ ಓದಿ, ದದ್ದು ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರ ಬಳಿ ಹೋಗುವ ಎಚ್ಚರವನ್ನೂ ಇಟ್ಟುಕೊಳ್ಳಿ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ನೋವಿನ ಮಾತ್ರೆಯಿಂದ ಕೆರಳುವ ಆಸ್ತಮಾ ಇರುವವರಿಗೆ, ಡೆಂಗಿ ಶಂಕೆಯ ಜ್ವರ ಇರುವಾಗ ಈ ಬಗೆಯ ಮಾತ್ರೆಗಳು ಬೇಡ.

ಕೆಲಸದ ಜಾಗವೂ ಆಯ್ಕೆಯನ್ನು ನಿರ್ಧರಿಸುತ್ತದೆ. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದು ದಿನದ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆದರೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಇಡೀ ದಿನ ಕೂರುವವಳಿಗೆ ನೋವು ಒಂದೇ ದಿನಕ್ಕೆ ಮುಗಿಯುವುದಿಲ್ಲ, ಉಪ್ಪಿನ ಗಂಟು ಬಿಸಿ ಮಾಡಿಕೊಡುವವರೂ ಇರುವುದಿಲ್ಲ. ಅವಳಿಗೆ ನಾನು ಹೇಳುವುದು: ಎರಡು ದಿನ ಮೊದಲಿನಿಂದ ಶುಂಠಿಯುಂಡೆ, ನೋವು ಶುರುವಾಗುವ ಸೂಚನೆ ಸಿಕ್ಕ ಕೂಡಲೇ ತಿಂಡಿ ತಿಂದು ಒಂದು ಮಾತ್ರೆ, ರಾತ್ರಿ ಮನೆಯಲ್ಲಿ ಶಾಖ. ತಡೆದು ತಡೆದು ಕೊನೆಗೆ ನುಂಗಿದ ಮಾತ್ರೆ ಅಷ್ಟು ಕೆಲಸ ಮಾಡುವುದಿಲ್ಲ, ಪ್ರೊಸ್ಟಗ್ಲ್ಯಾಂಡಿನ್ ಅಷ್ಟರಲ್ಲಿ ತಯಾರಾಗಿಬಿಟ್ಟಿರುತ್ತದೆ. ಮನೆಯಲ್ಲೇ ಇರುವವರು, ನೋವು ತಡೆಯುವಷ್ಟೇ ಇರುವವರು ಶುಂಠಿ ಮತ್ತು ಶಾಖದಿಂದಲೇ ಎರಡು-ಮೂರು ತಿಂಗಳು ನೋಡಬಹುದು. ಒಂದು ತಿಂಗಳಿಗೆ ಒಂದೇ ಮದ್ದು ಮಾತ್ರ ಹೊಸದಾಗಿ ಸೇರಿಸಿ ಅಥವಾ ಬದಲಿಸಿ. ಶುಂಠಿ, ಮೆಂತ್ಯ, ಚಕ್ಕೆ, ಅರಿಷ್ಟ ಎಲ್ಲ ಒಟ್ಟಿಗೆ ಸುರಿದುಕೊಂಡರೆ ಯಾವುದು ಹಿಡಿಯಿತು, ಯಾವುದರಿಂದ ಎದೆಯುರಿ ಬಂತು ಗೊತ್ತಾಗುವುದಿಲ್ಲ.

ಮನೆಮದ್ದು ನಿಲ್ಲಿಸಬೇಕಾದ ಜಾಗ

ಮೊದಲೆಲ್ಲ ಆರಾಮಾಗಿದ್ದು ಮೂವತ್ತರ ಆಚೆ ಹೊಸದಾಗಿ ನೋವು ಶುರುವಾದರೆ, ತಿಂಗಳಿಂದ ತಿಂಗಳಿಗೆ ಹೆಚ್ಚುತ್ತ ಹೋದರೆ, ಮುಟ್ಟು ಮುಗಿದ ಮೇಲೂ ಉಳಿದರೆ, ಸಂಭೋಗದಲ್ಲಿ ಅಥವಾ ಮಲವಿಸರ್ಜನೆಯಲ್ಲಿ ನೋವಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ ಅದರ ಹಿಂದೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದು ಹೊರಗೆ ಬೆಳೆಯುವುದು), ಅಡಿನೊಮಯೋಸಿಸ್ (ಅದು ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಸೋಂಕು ಇರಬಹುದು. ಜ್ವರ, ದುರ್ವಾಸನೆಯ ಸ್ರಾವ ಇದ್ದರೆ ಅಂದೇ ಹೋಗಿ. ಮುಟ್ಟು ತಡವಾಗಿ ಬಂದು ಒಂದೇ ಬದಿಗೆ ವಿಪರೀತ ನೋವು, ತಲೆಸುತ್ತು ಬಂದರೆ ಗರ್ಭ ನಳಿಕೆಯಲ್ಲಿ ನಿಂತಿರಬಹುದು, ಅದು ತುರ್ತು. "ಮದುವೆಯಾದ ಮೇಲೆ ಸರಿಹೋಗುತ್ತೆ", "ಒಂದು ಮಗು ಆಗಲಿ" ಎಂಬ ಮಾತಿಗೆ ಕಾದು ಎಂಡೊಮೆಟ್ರಿಯೋಸಿಸ್ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ.

ವೈದ್ಯರಲ್ಲಿ ಹೋಗುವಾಗ ನೋವು ಯಾವ ದಿನ ಬರುತ್ತದೆ, ಎಷ್ಟು ಪ್ಯಾಡ್ ಬೇಕಾಗುತ್ತದೆ, ಏನೇನು ತಿಂದಿರಿ ಎಂಬುದನ್ನು ಬರೆದುಕೊಂಡು ಹೋಗಿ, ಕಷಾಯ ಮತ್ತು ಅರಿಷ್ಟ ಸೇರಿಸಿ. ಸ್ಕ್ಯಾನಿಂಗ್ ನಾರ್ಮಲ್ ಅಂತ ಬಂದರೂ ಎಂಡೊಮೆಟ್ರಿಯೋಸಿಸ್ ಇಲ್ಲವೆಂದು ಖಾತ್ರಿಯಾಗುವುದಿಲ್ಲ, ಸಣ್ಣ ಕಲೆಗಳು ಸ್ಕ್ಯಾನಿಗೆ ಕಾಣುವುದಿಲ್ಲ. ನೋವು ಹಾಗೇ ಇದ್ದರೆ ಮುಂದೇನು ಎಂದು ಕೇಳಿಯೇ ಎದ್ದು ಬನ್ನಿ.